ಮೊದಲ ಕಾಳಗ ಊರಿನ ಮನಸ್ಸನ್ನು ಹೇಗೆ ಬದಲಿಸುತ್ತದೆ? 1830ರ ನಗರ ದಂಗೆಯನ್ನು ಇಟ್ಟುಕೊಂಡು ಒಂದು ವಿವರಣೆ

ಶಿವಮೊಗ್ಗದಿಂದ ಹೊಸನಗರ ದಾಟಿ ಕೊಲ್ಲೂರಿಗೆ ಹೋಗುವವರು ದಾರಿಯಲ್ಲಿ ನಗರ ಎಂಬ ಊರಿನ ಕೋಟೆ ನೋಡುತ್ತಾರೆ. ಶಿವಪ್ಪ ನಾಯಕನ ಕೋಟೆ ಎಂದು ನಾಲ್ಕು ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಕೆಳದಿ ಅರಸರು ಇಲ್ಲಿಂದ ಆಳಿದ್ದು, 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದಿದ್ದು, ಬಿದನೂರು ಎಂಬ ಹೆಸರೇ ಹೋಗಿ ಊರು ನಗರ ಆಗಿದ್ದು ಬಹಳ ಜನಕ್ಕೆ ಗೊತ್ತು. ಆದರೆ 1831ರಲ್ಲಿ ಇದೇ ಕೋಟೆಗಾಗಿ ಮತ್ತೊಂದು ಹೋರಾಟ ನಡೆಯಿತು. ಅದರಲ್ಲಿ ನಿಂತವರಲ್ಲಿ ಹೆಚ್ಚಿನವರು ರೈತರು. ಅದು ಮುಗಿಯುವ ಹೊತ್ತಿಗೆ ಮೈಸೂರಿನ ಮಹಾರಾಜರ ಕೈಯಿಂದಲೇ ಆಡಳಿತ ಜಾರಿಹೋಗಿತ್ತು. ಇಷ್ಟು ದೊಡ್ಡ ಸಂಗತಿ ನಮ್ಮ ಜಿಲ್ಲೆಯ ಮಕ್ಕಳಿಗೇ ಸರಿಯಾಗಿ ಗೊತ್ತಿಲ್ಲ ಅನ್ನೋದು ನನಗೆ ನೋವಿನ ವಿಷಯ.

ದಂಗೆಯ ಪೂರ್ತಿ ಕತೆಯನ್ನು ಇಲ್ಲಿ ಹೇಳುವುದಿಲ್ಲ. ಒಂದು ಪ್ರಶ್ನೆಯನ್ನು ಮಾತ್ರ ಹಿಡಿದು ಹೊರಟಿದ್ದೇನೆ. ಕಂದಾಯದ ಹೊರೆ ಒಂದೇ ದಿನ ಬಂದಿದ್ದಲ್ಲ. ತಾಲ್ಲೂಕಿನ ಕಂದಾಯ ಎತ್ತುವ ಅಮಲ್ದಾರರ ಕಾಟ ವರ್ಷಗಟ್ಟಲೆ ಇತ್ತು. ಜನ ಸಹಿಸಿಕೊಂಡೇ ಇದ್ದರು. ಹಾಗಿರುವಾಗ 1830ರ ಕೊನೆಯ ಕೆಲವೇ ತಿಂಗಳಲ್ಲಿ ಇಷ್ಟು ಊರುಗಳು ಒಟ್ಟಿಗೆ ಎದ್ದಿದ್ದು ಹೇಗೆ? ಸಿಟ್ಟು ಮೊದಲೇ ಇತ್ತು, ಸರಿ. ಸಿಟ್ಟು ಇದ್ದವರೆಲ್ಲ ಕತ್ತಿ ಹಿಡಿಯುವುದಿಲ್ಲ ಅಲ್ವಾ? ಎರಡರ ನಡುವೆ ಏನೋ ಆಗಬೇಕು. ಆ 'ಏನೋ' ಬಹಳ ಸಲ ಮೊದಲ ಕಾಳಗ. ಅದರಲ್ಲಿ ಗೆದ್ದವರು ಯಾರು ಅನ್ನುವುದಕ್ಕಿಂತ, ಮಾರನೇ ದಿನ ಸಾಮಾನ್ಯ ರೈತನೊಬ್ಬನಿಗೆ ಸುಮ್ನೆ ಮನೆಯಲ್ಲಿ ಇರಲು ಜಾಗ ಉಳಿಯಿತಾ ಅನ್ನುವುದೇ ಮುಖ್ಯ ಎಂದು ನನಗೆ ಅನ್ನಿಸುತ್ತದೆ.

ಸಿಟ್ಟು ಎಲ್ಲಿಂದ ಬಂತು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಸತ್ತ ಮೇಲೆ, ಈಸ್ಟ್ ಇಂಡಿಯಾ ಕಂಪನಿ ಒಡೆಯರ್ ಮನೆತನದ ಪುಟ್ಟ ಬಾಲಕನನ್ನು ಗದ್ದುಗೆಗೆ ಕೂರಿಸಿತು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರ್. ಒಪ್ಪಂದದ ಪ್ರಕಾರ ಮೈಸೂರು ಪ್ರತಿ ವರ್ಷ ಕಂಪನಿಗೆ 7 ಲಕ್ಷ ವರಹ, ಅಂದರೆ ಸುಮಾರು 24.5 ಲಕ್ಷ ರೂಪಾಯಿ, ಕೊಡಬೇಕಿತ್ತು. ಮಳೆ ಬರಲಿ ಬಿಡಲಿ, ಬೆಳೆಗೆ ಬೆಲೆ ಸಿಗಲಿ ಬಿಡಲಿ, ಆ ಮೊತ್ತ ಕಟ್ಟಲೇಬೇಕು. ದಿವಾನ್ ಪೂರ್ಣಯ್ಯನವರು 1811ರವರೆಗೆ ಹೇಗೋ ನಿಭಾಯಿಸಿದರು. ಅವರ ನಂತರ ಖರ್ಚು ಬೆಳೆಯಿತು, ಸಾಲ ಏರಿತು, ಸಿಪಾಯಿಗಳ ಸಂಬಳವೂ ಬಾಕಿ ಬಿತ್ತು. 1825ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಮೈಸೂರಿಗೇ ಬಂದು ಎಚ್ಚರಿಕೆ ಕೊಟ್ಟು ಹೋದರು.

ಹಣ ಹೊಂದಿಸಲು ಬಳಸಿದ ದಾರಿಯೇ ಶರತ್ತು ಪದ್ಧತಿ. ತಾಲ್ಲೂಕಿನಿಂದ ಇಂತಿಷ್ಟು ಕಂದಾಯ ತಂದುಕೊಡುತ್ತೇನೆ ಎಂದು ಅಮಲ್ದಾರ ಬರೆದುಕೊಡಬೇಕು. ಅದಕ್ಕಿಂತ ಜಾಸ್ತಿ ಎತ್ತಿದರೆ ಅದೂ ಸರ್ಕಾರಕ್ಕೆ. ಕಡಿಮೆ ಬಿದ್ದರೆ ಅವನೇ ತುಂಬಿಕೊಡಬೇಕು. ಇಂಥ ಕರಾರಿಗೆ ಕೈ ಹಾಕಿದವನು ರೈತನ ಮೇಲೆ ಕನಿಕರ ತೋರಿಸುತ್ತಾನಾ? ಬೆಳೆ ಕೆಟ್ಟಿದೆ ಅಂದರೆ ಅವನ ಕೈಯಿಂದಲೇ ದುಡ್ಡು ಹೋಗುತ್ತದೆ. ಆ ಕಾಲದಲ್ಲಿ ದಕ್ಷಿಣ ಭಾರತದ ಬಹುಭಾಗದಲ್ಲಿ ದವಸದ ಬೆಲೆ ಬೇರೆ ಕುಸಿದಿತ್ತು. ಕಂದಾಯ ಮಾತ್ರ ನಗದಾಗಿಯೇ ಕಟ್ಟಬೇಕಿತ್ತು. ಹಾಗಾಗಿ ಅದೇ ಕಂತು ಕಟ್ಟಲು ರೈತ ಮೊದಲಿಗಿಂತ ಜಾಸ್ತಿ ಭತ್ತ ಮಾರಬೇಕಾಯಿತು.

ನಗರ ಫೌಜುದಾರಿಯಲ್ಲಿ ಇನ್ನೊಂದು ಗಾಯವೂ ಇತ್ತು. ಫೌಜುದಾರಿ ಅಂದರೆ ಈಗಿನ ಶಿವಮೊಗ್ಗ ಜಿಲ್ಲೆ ಮತ್ತು ಸುತ್ತಲಿನ ಒಂದಷ್ಟು ಸೀಮೆ. ಹಿಂದಿನ ಅಧಿಕಾರಿಗಳು ಬಿಟ್ಟುಕೊಟ್ಟಿದ್ದ ಬಾಕಿಯನ್ನು ಆಮೇಲೆ ಬಂದವರು ಅನುಮಾನದಿಂದ ನೋಡಿ ಮತ್ತೆ ರೈತರ ಲೆಕ್ಕಕ್ಕೆ ಸೇರಿಸಿದರು. ಮಾಫಿ ಆಯಿತು ಎಂದು ನೆಮ್ಮದಿಯಿಂದ ಇದ್ದವನ ಮನೆ ಬಾಗಿಲಿಗೆ ಹಳೇ ಸಾಲ ಮತ್ತೆ ಬಂದು ನಿಂತಿತು. ಮೇಲಿನ ಹುದ್ದೆಗಳಲ್ಲಿ ಒಂದೇ ಬಳಗದವರು ತುಂಬಿದ್ದರು. ದೂರು ಕೊಡುವುದು ಯಾರ ಮೇಲೋ, ಅವರ ನೆಂಟರ ಹತ್ತಿರವೇ ಕೊಡಬೇಕಾದ ಸ್ಥಿತಿ.

ಒಂದು ಮಾತು ಗಮನಿಸಬೇಕು. ರೈತನ ಕಣ್ಣಿಗೆ ಕಾಣುತ್ತಿದ್ದವನು ಅಮಲ್ದಾರ. ಅವನ ಹಿಂದೆ ಅರಮನೆ. ಅರಮನೆಯ ಹಿಂದೆ ಕಂಪನಿಯ ವಾರ್ಷಿಕ ಲೆಕ್ಕ. ಇದು ಬರೀ ರಾಜನ ವಿರುದ್ಧದ ದಂಗೆ, ಬ್ರಿಟಿಷರಿಗೂ ಇದಕ್ಕೂ ಸಂಬಂಧವಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ವರ್ಷಕ್ಕೆ 7 ಲಕ್ಷ ವರಹ ಮಲೆನಾಡಿನ ಗದ್ದೆ ತೋಟದಿಂದಲೂ ಹೋಗಬೇಕಿತ್ತು.

ಕೂಟ ಸೇರಿದ್ದು ಹೊಡೆದಾಡಲು ಅಲ್ಲ

1830ರ ಆಗಸ್ಟ್ ಹೊತ್ತಿಗೆ ರೈತರು ಕೂಟ ಸೇರತೊಡಗಿದರು. ಊರಿಂದ ಊರಿಗೆ ಓಲೆ ಹೋಗುತ್ತಿತ್ತು, ಇಂಥ ಕಡೆ ಸೇರಿ ಎಂದು. ಆನಂದಪುರದ ಹತ್ತಿರದ ಹೊಸಂತೆಯಲ್ಲಿ ಸೇರಿದ ಕೂಟವನ್ನು ಇತಿಹಾಸಕಾರರು ಮುಖ್ಯವಾಗಿ ಹೆಸರಿಸುತ್ತಾರೆ. ಮಲೆನಾಡಿನ ರಚನೆ ಗೊತ್ತಿದ್ದವರಿಗೆ ಇದರ ಬೆಲೆ ಅರ್ಥವಾಗುತ್ತದೆ. ಇಲ್ಲಿ ಮನೆಗಳು ಒತ್ತಾಗಿ ಇರುವುದಿಲ್ಲ. ಒಂದು ತೋಟ, ಒಂದು ಮನೆ, ನಡುವೆ ಗುಡ್ಡ, ಕಾಡು, ಹಳ್ಳ. ಪಕ್ಕದ ಮನೆಯವನ ಕಷ್ಟ ತಿಳಿಯಲು ಸಂತೆಗೋ ಜಾತ್ರೆಗೋ ಮಠಕ್ಕೋ ಹೋಗಬೇಕು. ಹೀಗೆ ಚದುರಿ ಬದುಕುವ ಜನ ಒಂದೆಡೆ ಸೇರಿದಾಗ ಮೊದಲು ಆಗುವುದು ಏನೆಂದರೆ, ಅವನಿಗೂ ನನ್ನ ಹಾಗೇ ಆಗಿದೆಯಲ್ಲ ಎಂಬ ಅರಿವು.

ಆ ಹಂತದಲ್ಲಿ ಕೂಟದ ಬೇಡಿಕೆ ಸರಳ. ಕಂದಾಯ ಇಳಿಸಿ, ಬಾಕಿ ಬಿಡಿ, ಈ ಅಧಿಕಾರಿಗಳನ್ನು ತೆಗೆಯಿರಿ. ಅಲ್ಲಿಯವರೆಗೆ ಕಂತು ಕಟ್ಟುವುದಿಲ್ಲ. ಅಲ್ಲಿ ಬಂದವರಲ್ಲಿ ಎಷ್ಟು ಜನ ಗಟ್ಟಿ ಮನಸ್ಸಿನವರು, ಎಷ್ಟು ಜನ ನೋಡೋಣ ಎಂದು ಬಂದವರು? ಯಾವ ಊರಲ್ಲಾದರೂ ನಡುವೆ ನಿಂತವರೇ ಜಾಸ್ತಿ. ಅವರಿಗೆ ಅಮಲ್ದಾರನ ಮೇಲೂ ಸಿಟ್ಟು, ಗಲಾಟೆಯ ಮೇಲೂ ಭಯ. ಕೊಯ್ಲು ಮುಗಿಯಬೇಕು, ಅಡಿಕೆ ಸುಲಿಯಬೇಕು, ಮಗಳ ಮದುವೆ ಮಾಡಬೇಕು. ಅವರು ಹೇಡಿಗಳಲ್ಲ. ಬದುಕು ನಡೆಸಬೇಕಾದವರು.

ಇದೇ ಹೊತ್ತಿಗೆ ಘಟ್ಟದ ಕೆಳಗೆ ಏನಾಯಿತು ನೋಡಿ. 1830-31ರಲ್ಲೇ ಕೆನರಾ ಜಿಲ್ಲೆಯ ರೈತರೂ ಕೂಟ ಸೇರಿದರು. ಮಂಗಳೂರಿನ ಕದ್ರಿ ದೇವಸ್ಥಾನದ ಬಳಿಯೂ ಸೇರಿದರು. ಅವರದೂ ಕಂದಾಯದ ದೂರೇ. ಅಲ್ಲಿ ನೇರವಾಗಿ ಕಂಪನಿಯ ಕಲೆಕ್ಟರನ ಆಡಳಿತ. ಆದರೆ ಅಲ್ಲಿ ದೊಡ್ಡ ಕಾಳಗ ಆಗಲಿಲ್ಲ. ಅರ್ಜಿ, ಮಾತುಕತೆ, ಕಂತು ನಿಲ್ಲಿಸುವುದು, ಇಷ್ಟರಲ್ಲೇ ಅದು ಸಾಗಿ ತಣ್ಣಗಾಯಿತು. ಒಂದೇ ವರ್ಷ, ಒಂದೇ ಬಗೆಯ ನೋವು, ಒಂದೇ ಬಗೆಯ ಕೂಟ. ಘಟ್ಟದ ಕೆಳಗೆ ಅರ್ಜಿಯಾಗಿ ಉಳಿದದ್ದು ಘಟ್ಟದ ಮೇಲೆ ಯುದ್ಧವಾಯಿತು. ಬೇರೆ ಕಾರಣಗಳೂ ಇದ್ದವು, ಅವಕ್ಕೆ ಮುಂದೆ ಬರುತ್ತೇನೆ. ಆದರೆ ರಕ್ತ ಬಿದ್ದಿದ್ದು ಎಲ್ಲಿ, ಬೀಳದೇ ಇದ್ದಿದ್ದು ಎಲ್ಲಿ ಅನ್ನುವ ವ್ಯತ್ಯಾಸವನ್ನು ಬದಿಗಿಡಲು ಆಗುವುದಿಲ್ಲ.

ರಕ್ತ ಬಿದ್ದ ಮೇಲೆ

1830ರ ಡಿಸೆಂಬರ್‌ನಲ್ಲಿ ಮಹಾರಾಜರೇ ಪಡೆ ಕಟ್ಟಿಕೊಂಡು ಹೊರಟರು. ಚನ್ನರಾಯಪಟ್ಟಣದ ಕಡೆಯಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಕೂಟಗಳನ್ನು ಚದುರಿಸಲು ಸೈನ್ಯ ಬಂತು. ಇಂಥ ಶಿಕ್ಷೆಯ ಹಿಂದಿನ ಲೆಕ್ಕ ಎಲ್ಲ ಸರ್ಕಾರಗಳಿಗೂ ಒಂದೇ. ನಾಲ್ಕು ಜನರನ್ನು ನೇತುಹಾಕಿದರೆ ನಾಲ್ಕು ಸಾವಿರ ಜನ ಹೆದರಿ ಮನೆ ಸೇರುತ್ತಾರೆ ಎಂದು. ಕೆಲವು ಸಲ ಹಾಗೇ ಆಗುತ್ತದೆ. ಆದರೆ ಅದಕ್ಕೊಂದು ಷರತ್ತಿದೆ. ಮನೆ ಸೇರಿದವನಿಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಜನಕ್ಕೆ ಇರಬೇಕು.

ಕೂಟಕ್ಕೆ ಬಂದವನನ್ನೂ ಮುಂದಾಳನ್ನೂ ಸರ್ಕಾರ ಒಂದೇ ತಕ್ಕಡಿಯಲ್ಲಿ ತೂಗಿದರೆ ಆ ನಂಬಿಕೆ ಉಳಿಯುವುದಿಲ್ಲ. ನಡುವೆ ನಿಂತಿದ್ದ ರೈತ ಈಗ ಬೇರೆ ಲೆಕ್ಕ ಹಾಕುತ್ತಾನೆ. ನಾನೂ ಹೊಸಂತೆಗೆ ಹೋಗಿದ್ದೆ. ನನ್ನ ಹೆಸರೂ ಯಾರೋ ಹೇಳಿರಬಹುದು. ಮನೆಯಲ್ಲಿ ಕೂತರೂ ಹಿಡಿಯುತ್ತಾರೆ, ಎದುರು ನಿಂತರೂ ಹಿಡಿಯುತ್ತಾರೆ. ಹಾಗಾದರೆ ಎದುರು ನಿಲ್ಲುವುದೇ ವಾಸಿ. ಅವನ ಮನಸ್ಸಲ್ಲಿ ಹೊಸ ದೇಶಾಭಿಮಾನ ಹುಟ್ಟಿತು ಎಂದು ನಾವು ಸುಮ್ನೆ ಕಲ್ಪಿಸಿಕೊಳ್ಳುತ್ತೇವೆ. ಸರ್ಕಾರದ ಕಡೆ ಹೋಗುವುದು, ಕೂಟದ ಕಡೆ ನಿಲ್ಲುವುದು, ನಡುವೆ ಸುಮ್ನೆ ಇರುವುದು ಎಂದು ಅವನಿಗೆ ಇದ್ದ ಮೂರು ದಾರಿಗಳಲ್ಲಿ ಕೊನೆಯದು ಮುಚ್ಚಿಹೋಯಿತು, ಅಷ್ಟೆ. ಆದರೆ ಆ ಒಂದು ದಾರಿ ಮುಚ್ಚುವುದೇ ಎಲ್ಲವನ್ನೂ ಬದಲಿಸುತ್ತದೆ.

ಇದು ಮಲೆನಾಡಿಗೆ ಮಾತ್ರ ಸೇರಿದ ವಿಚಾರವಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1775ರ ಏಪ್ರಿಲ್ 19ರಂದು ಆಗಿದ್ದನ್ನು ನೋಡಿ. ಸುಮಾರು 700 ಬ್ರಿಟಿಷ್ ಸೈನಿಕರು ಬಾಸ್ಟನ್‌ನಿಂದ ಕಾಂಕರ್ಡ್ ಎಂಬ ಊರಿಗೆ, ವಸಾಹತಿನವರು ಕೂಡಿಟ್ಟಿದ್ದ ಮದ್ದುಗುಂಡು ಹಿಡಿಯಲು ಹೊರಟರು. ದಾರಿಯಲ್ಲಿ ಲೆಕ್ಸಿಂಗ್ಟನ್ ಊರಿನ ಬಯಲಲ್ಲಿ 70-80 ಜನ ಊರಿನವರು ಬಂದೂಕು ಹಿಡಿದು ನಿಂತಿದ್ದರು. ಮೊದಲ ಗುಂಡು ಯಾರು ಹೊಡೆದರು ಎಂದು ಇವತ್ತಿಗೂ ತೀರ್ಮಾನವಾಗಿಲ್ಲ. ಊರಿನವರಲ್ಲಿ 8 ಜನ ಸತ್ತರು. ಸಂಜೆಯೊಳಗೆ ಸುತ್ತಲಿನ ಊರುಗಳಿಂದ ಸಾವಿರಾರು ಜನ ಬಂದು, ಬಾಸ್ಟನ್‌ಗೆ ಮರಳುತ್ತಿದ್ದ ಸೈನ್ಯದ ಮೇಲೆ ದಾರಿಯುದ್ದಕ್ಕೂ ಗುಂಡು ಹಾರಿಸಿದರು. ಬ್ರಿಟಿಷರ ಕಡೆ ಸತ್ತವರು 73 ಜನ.

ಕಾಳಗಕ್ಕಿಂತ ಅದರ ನಂತರದ ವಾರಗಳೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತವೆ. ವಸಾಹತಿನ ಮುಖಂಡರು ಕೂಡಲೇ ಕಂಡವರ ಹೇಳಿಕೆಗಳನ್ನು ಪ್ರಮಾಣ ಮಾಡಿಸಿ ಬರೆಸಿಕೊಂಡರು. ಎಲ್ಲದರಲ್ಲೂ ಒಂದೇ ಮಾತು, ಮೊದಲು ಹೊಡೆದವರು ಸೈನಿಕರು ಎಂದು. ಆ ಕಾಗದಗಳನ್ನು ಜಾನ್ ಡರ್ಬಿ ಎಂಬ ನಾವಿಕನ ಕೈಗೆ ಕೊಟ್ಟು, 'ಕ್ವೆರೊ' ಎಂಬ ವೇಗದ ಹಡಗಿನಲ್ಲಿ ಲಂಡನ್‌ಗೆ ಕಳಿಸಿದರು. ಬ್ರಿಟಿಷ್ ಸೇನಾಪತಿ ಗೇಜ್ ಕಳಿಸಿದ ಸರ್ಕಾರಿ ವರದಿಗಿಂತ ಸುಮಾರು ಎರಡು ವಾರ ಮೊದಲೇ ಅದು ತಲುಪಿತು. ಸರ್ಕಾರದ ಮಾತು ಬರುವಷ್ಟರಲ್ಲಿ ಲಂಡನ್ ಜನ ಇನ್ನೊಂದು ಕಡೆಯ ಮಾತನ್ನು ಓದಿ ಮುಗಿಸಿದ್ದರು. ಅಮೆರಿಕದೊಳಗೂ ಹಾಗೇ. ಕುದುರೆ ಸವಾರರು ಊರೂರಿಗೆ ಸುದ್ದಿ ಮುಟ್ಟಿಸಿದರು. ತೆರಿಗೆ, ಕಾನೂನು, ಪಾರ್ಲಿಮೆಂಟಿನ ಹಕ್ಕು ಎಂದು ವರ್ಷಗಟ್ಟಲೆ ನಡೆದಿದ್ದ ವಾದ ಹಿಂದೆ ಸರಿಯಿತು. ನಮ್ಮವರನ್ನು ಅವರು ಕೊಂದರು, ಈಗ ನೀನು ಯಾರ ಕಡೆ ಎಂಬ ಪ್ರಶ್ನೆ ಮುಂದೆ ಬಂತು. ಅದಕ್ಕೆ 'ನಾನು ಯಾರ ಕಡೆಯೂ ಇಲ್ಲ' ಎಂಬ ಉತ್ತರವನ್ನು ಊರಿನ ಸಮಿತಿಗಳು ಒಪ್ಪುತ್ತಿರಲಿಲ್ಲ.

ನಗರ ಸೀಮೆಯಲ್ಲಿ ಹಡಗೂ ಇರಲಿಲ್ಲ, ಪತ್ರಿಕೆಯೂ ಇರಲಿಲ್ಲ. ಆದರೆ ಕೂಟದ ಓಲೆ ಹೋಗುವ ದಾರಿ ಮೊದಲೇ ಸಿದ್ಧವಾಗಿತ್ತು. ಕಂದಾಯದ ವಿಷಯ ಹೊತ್ತು ಹೋಗುತ್ತಿದ್ದ ಅದೇ ದಾರಿಯಲ್ಲಿ ಗಲ್ಲಿನ ಸುದ್ದಿಯೂ ಹೋಗಲು ಅಡ್ಡಿಯೇನಿತ್ತು? ಜಾಲ ಮೊದಲು, ಕಾಳಗ ಆಮೇಲೆ. ಈ ಕ್ರಮ ಉಲ್ಟಾ ಆಗಿದ್ದರೆ ಸುದ್ದಿ ಹುಟ್ಟಿದ ಕಣಿವೆಯಲ್ಲೇ ಸಾಯುತ್ತಿತ್ತು.

ಸರ್ಕಾರ ಸೋಲಬಹುದು ಎಂಬ ಅರಿವು

ಸಿಟ್ಟು, ಭಯ ಎರಡೇ ಸಾಲದು. ಗೆಲ್ಲುವ ಆಸೆಯೂ ಬೇಕು. ಆ ಆಸೆ ಕೊಟ್ಟಿದ್ದು ಸರ್ಕಾರದ ಪಡೆಗಳ ಹಿನ್ನಡೆ. ಮೊದಲು ಬಂದ ಅರಮನೆಯ ಪಡೆಗೆ ಆನಂದಪುರದ ಸುತ್ತ ನಿಲ್ಲಲಾಗಲಿಲ್ಲ. ನಂತರ ಕಂಪನಿಯ ಸೈನ್ಯವೂ ಬಂತು. ಕರ್ನಲ್ ಇವಾನ್ಸ್‌ನ ಪಡೆಯನ್ನು ನಗರದ ದಾರಿಯ ಫತ್ತೇಪೇಟೆಯಲ್ಲಿ ದಂಗೆಕೋರರು ತಡೆದರು. ಅದು ಶಿವಮೊಗ್ಗಕ್ಕೆ ಹಿಂದೆ ಸರಿಯಬೇಕಾಯಿತು. ಕಾಡಿನ ದಾರಿ, ಅಡ್ಡ ಕಡಿದು ಹಾಕಿದ ಮರ, ಎತ್ತರದಲ್ಲಿ ಕಾದು ಕೂತ ಜನ. ಬಯಲು ಸೀಮೆಯಲ್ಲಿ ಸಾಲು ಕಟ್ಟಿ ಗೆಲ್ಲುವ ಸೈನ್ಯಕ್ಕೆ ಇಲ್ಲಿ ಸಾಲು ಕಟ್ಟಲು ಜಾಗವೇ ಇಲ್ಲ.

ಟಿಪ್ಪುವನ್ನು ಸೋಲಿಸಿದ ಕಂಪನಿ ಅದು. ಮೂವತ್ತು ವರ್ಷ ಅದರ ಹೆಸರು ಕೇಳಿದರೆ ಸಾಕಿತ್ತು. ಅಂಥ ಸೈನ್ಯ ಹಿಂದೆ ತಿರುಗಿ ಹೋಗಿದ್ದನ್ನು ಕಣ್ಣಾರೆ ಕಂಡ ರೈತ ಮೊದಲಿನ ರೈತನಾಗಿ ಉಳಿಯುವುದಿಲ್ಲ. ಅಧಿಕಾರದ ಅರ್ಧ ಬಲ ಅದನ್ನು ಮೀರಲಾಗದು ಎಂಬ ನಂಬಿಕೆಯಲ್ಲಿದೆ. ಅಮೆರಿಕದಲ್ಲಿ ಲೆಕ್ಸಿಂಗ್ಟನ್ ಆದ ಎರಡು ತಿಂಗಳಿಗೆ, 1775ರ ಜೂನ್ 17ರಂದು ಬಂಕರ್ ಹಿಲ್ ಕದನ ನಡೆಯಿತು. ಬೆಟ್ಟ ಹಿಡಿದವರು ಬ್ರಿಟಿಷರೇ. ಆದರೆ ಅವರ ಕಡೆ ಸತ್ತವರು ಮತ್ತು ಗಾಯಗೊಂಡವರು ಸೇರಿ 1,000 ದಾಟಿದರು. ಎದುರಾಳಿಗಳ ನಷ್ಟ ಅದರ ಅರ್ಧಕ್ಕಿಂತ ಕಡಿಮೆ. ಸೋತವರು ಅದನ್ನು ಹೆಮ್ಮೆಯಿಂದ ಹೇಳಿಕೊಂಡರು, ಗೆದ್ದವರು ಚಿಂತೆಗೆ ಬಿದ್ದರು. ಮೊದಲ ಕಾಳಗಗಳಲ್ಲಿ ಜನ ನೋಡುವುದು ಬೆಟ್ಟ ಯಾರ ಕೈಗೆ ಹೋಯಿತು ಎಂದಲ್ಲ. ನಮ್ಮಂಥವರು ಅವರೆದುರು ಎಷ್ಟು ಹೊತ್ತು ನಿಂತರು ಎಂದು.

ಮಲೆನಾಡಿಗೆ ಇದರ ಹಳೆಯ ನೆನಪೂ ಇತ್ತು. ಚನ್ನಗಿರಿಯ ಧೋಂಡಿಯಾ ವಾಘ್ 1799ರಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದು, ನೋಡನೋಡುತ್ತಾ ಈ ಸೀಮೆಯ ಕೋಟೆಗಳನ್ನು ಹಿಡಿದಿದ್ದ. ಟಿಪ್ಪುವಿನ ಸೈನ್ಯ ಒಡೆದು ಕೆಲಸವಿಲ್ಲದೆ ಅಲೆಯುತ್ತಿದ್ದ ಸಿಪಾಯಿಗಳು ಅವನ ಜೊತೆ ಸೇರಿದರು. 1800ರ ಸೆಪ್ಟೆಂಬರ್‌ನಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಅವನನ್ನು ಕೊಂದಿತು. ಅವನ ಬೆನ್ನಿಗೆ ಇದ್ದದ್ದು ಸಿಪಾಯಿಗಳು. 1830ರಲ್ಲಿ ಎದ್ದದ್ದು ಗದ್ದೆ ಉಳುವವರು. ಆ ವ್ಯತ್ಯಾಸ ಸಣ್ಣದಲ್ಲ. ಸಿಪಾಯಿ ಸೋತರೆ ಬೇರೆ ದೊರೆಯನ್ನು ಹುಡುಕಿಕೊಂಡು ಹೋಗುತ್ತಾನೆ. ರೈತ ತನ್ನ ತೋಟವನ್ನು ಎತ್ತಿಕೊಂಡು ಹೋಗಲಾರ.

ಮುದ್ರೆ ಹಿಡಿದು ಬಂದವನು

ಜಗಳ ಕಾಳಗವಾದ ಮೇಲೆ ಕೂಟಕ್ಕೆ ಒಂದು ಹೆಸರು, ಒಂದು ಮುಖ ಬೇಕಾಗುತ್ತದೆ. ಅರ್ಜಿ ಕೊಡಲು ಗುಂಪು ಸಾಕು. ಕೋಟೆ ಹಿಡಿಯಬೇಕಾದರೆ ಯಾರ ಪರವಾಗಿ ಎಂಬ ಪ್ರಶ್ನೆ ಬರುತ್ತದೆ. ಆ ಜಾಗಕ್ಕೆ ಬಂದವನು ಬೂದಿ ಬಸಪ್ಪ. ಮೊದಲ ಹೆಸರು ಸಾದರ ಮಲ್ಲ. ಚಿನ್ನಿಕಟ್ಟೆಯ ರೈತ ಕುಟುಂಬದವನು. ಕೆಳದಿ-ನಗರ ಅರಸು ಮನೆತನದ ಮುದ್ರೆಗಳು ತನ್ನ ಬಳಿ ಇವೆ, ಆ ಗದ್ದುಗೆಯ ಹಕ್ಕು ತನ್ನದು ಎಂದ. ಹಿಂದೆ ಕೆನರಾದಲ್ಲಿ ಸೆರೆಮನೆ ಕಂಡು ಬಂದಿದ್ದವನು ಎಂದು ಬ್ರಿಟಿಷ್ ದಾಖಲೆಗಳು ಹೇಳುತ್ತವೆ. ಅವನ ಹಕ್ಕು ನಿಜವೇ ಎಂದು ಚರ್ಚಿಸುವುದರಲ್ಲಿ ನನಗೆ ಆಸಕ್ತಿ ಕಡಿಮೆ. ಕೆಳದಿ ಬಿದ್ದು ಆಗಲೇ 67 ವರ್ಷ ಆಗಿತ್ತು. ಆದರೂ ಜನ ಆ ಹೆಸರಿಗೆ ಓಗೊಟ್ಟರು ಎಂಬುದೇ ದೊಡ್ಡ ಸಂಗತಿ. ಶಿವಪ್ಪ ನಾಯಕನ ಶಿಸ್ತು, ಅಂದರೆ ಭೂಮಿಯ ಗುಣ ನೋಡಿ ಕಂದಾಯ ನಿಗದಿ ಮಾಡಿದ ಆ ಪದ್ಧತಿ, ಮಲೆನಾಡಿನ ರೈತರ ಬಾಯಲ್ಲಿ ಉಳಿದಿತ್ತು. ಶರತ್ತಿನ ಅಮಲ್ದಾರನ ಕೈಗೆ ಸಿಕ್ಕವನಿಗೆ ಕೆಳದಿ ಅಂದರೆ ಲೆಕ್ಕ ಸರಿಯಾಗಿದ್ದ ಕಾಲ.

ತರೀಕೆರೆಯ ಪಾಳೆಯಗಾರ ಮನೆತನದ ರಂಗಪ್ಪ ನಾಯಕನೂ ಇದೇ ಹೊತ್ತಿಗೆ ಹೊರಟು, ಕಲ್ದುರ್ಗ, ಕಾಮನದುರ್ಗಗಳನ್ನು ಹಿಡಿದ. ಇಲ್ಲಿ ಒಂದು ತಿರುವು ಇದೆ. ಮೊದಲ ಕಾಳಗದ ಕಾವು ಜನರನ್ನು ಒಟ್ಟಿಗೆ ತಂದಿತು, ನಿಜ. ಆದರೆ ಒಟ್ಟಿಗೆ ಬಂದವರ ಗುರಿ ಒಂದೇ ಆಗಿರಲಿಲ್ಲ. ರೈತನಿಗೆ ಕಂದಾಯ ಇಳಿಯಬೇಕಿತ್ತು. ಪಾಳೆಯಗಾರನಿಗೆ ಹಳೆಯ ಕೋಟೆ ಬೇಕಿತ್ತು. ಬೂದಿ ಬಸಪ್ಪನಿಗೆ ಗದ್ದುಗೆ. ಜೊತೆಗೆ ಸುಲಿಗೆಗೆ ಬಂದವರೂ ಇದ್ದರು. ಎದುರಾಳಿ ಕಣ್ಣಮುಂದೆ ಇರುವವರೆಗೆ ಈ ಬಿರುಕು ಕಾಣುವುದಿಲ್ಲ. ಕಾಳಗ ಎಳೆದಂತೆ ಕಾಣುತ್ತದೆ. ದಂಗೆಯ ಕಡೆಯವರೇ ಮನೆಗೆ ಬಂದು ದವಸ ಕೇಳಿದಾಗ, ಕೊಡದಿದ್ದರೆ ಬೆದರಿಸಿದಾಗ, ನಡುವೆ ನಿಂತವನಿಗೆ ಎರಡೂ ಕಡೆ ಒಂದೇ ಅನ್ನಿಸತೊಡಗುತ್ತದೆ.

1831ರ ಜೂನ್‌ನಲ್ಲಿ ಬ್ರಿಟಿಷರು ನಗರವನ್ನು ಹಿಡಿದರು. ಜೂನ್ ಅಂದರೆ ಇಲ್ಲಿ ಮಳೆ ಹಿಡಿಯುವ ಹೊತ್ತು. ಸಸಿ ಮಡಿ ಮಾಡಬೇಕು, ಗದ್ದೆ ಹೂಡಬೇಕು. ಆ ತಿಂಗಳಲ್ಲಿ ಗದ್ದೆ ಬಿಟ್ಟವನಿಗೆ ಮುಂದಿನ ವರ್ಷ ಊಟ ಇಲ್ಲ. ಕೊಯ್ಲು ಮುಗಿಯುವ ಡಿಸೆಂಬರ್‌ನಲ್ಲಿ ಏರಿದ ದಂಗೆ ನಾಟಿಯ ಹೊತ್ತಿಗೆ ಇಳಿದದ್ದು ಬರೀ ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ಪಾಳೆಯಗಾರರಿಗೆ ಆ ಗಡುವು ಇರಲಿಲ್ಲ. ತರೀಕೆರೆಯ ಸರ್ಜಾ ಹನುಮಪ್ಪ ನಾಯಕ 1834ರವರೆಗೂ ಕಾಡಿನಲ್ಲಿ ಹೋರಾಡಿ, ಸಿಕ್ಕಿಬಿದ್ದು ಗಲ್ಲಿಗೇರಿದ.

ಕಿತ್ತೂರು, ಈಸೂರು

ಮೊದಲ ಕಾಳಗದ ಇನ್ನೊಂದು ಗುಣವನ್ನು ಕಿತ್ತೂರು ತೋರಿಸುತ್ತದೆ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆ ಕಂಪನಿಯನ್ನು ಸೋಲಿಸಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಅಲ್ಲೇ ಸತ್ತ. ಡಿಸೆಂಬರ್ ಮೊದಲ ವಾರದಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು, ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಯುದ್ಧವಾಗಿ ನೋಡಿದರೆ ಅದು ಸೋಲು. ಆದರೆ ಕಿತ್ತೂರು ಉತ್ಸವ ನಡೆಯುವುದು ಅಕ್ಟೋಬರ್ 23ರ ನೆನಪಿಗೆ. ಅಷ್ಟೇ ಅಲ್ಲ, ಆ ಒಂದು ದಿನದ ನೆನಪೇ ಸಂಗೊಳ್ಳಿ ರಾಯಣ್ಣನ ಬೆನ್ನಿಗೆ ಜನರನ್ನು ತಂದಿತು. ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು, ನಗರದ ದಂಗೆ ಉರಿಯುತ್ತಿದ್ದ ಹೊತ್ತಿನಲ್ಲಿ.

ನೂರಾ ಹನ್ನೊಂದು ವರ್ಷ ಮುಂದಕ್ಕೆ ಬನ್ನಿ. ಶಿಕಾರಿಪುರ ತಾಲ್ಲೂಕಿನ ಈಸೂರು. 1942ರ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಕರೆ ಬಂತು. ಸೆಪ್ಟೆಂಬರ್‌ನಲ್ಲಿ ಈಸೂರಿನವರು ತಮ್ಮ ಊರು ಸ್ವತಂತ್ರ ಎಂದು ಸಾರಿದರು. ಕಂದಾಯದ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡರು. ವೀರಭದ್ರ ದೇವಸ್ಥಾನದ ಮೇಲೆ ಧ್ವಜ ಹಾರಿಸಿದರು. ಜಯಣ್ಣ ಎಂಬ ಬಾಲಕನನ್ನು ಅಮಲ್ದಾರ ಎಂದೂ ಮಲ್ಲಪ್ಪ ಎಂಬ ಇನ್ನೊಬ್ಬ ಹುಡುಗನನ್ನು ಸಬ್ ಇನ್‌ಸ್ಪೆಕ್ಟರ್ ಎಂದೂ ಘೋಷಿಸಿದರು. ಆಗಿನ್ನೂ ರಕ್ತ ಬಿದ್ದಿರಲಿಲ್ಲ. ಊರಿನೊಳಗೆ ಉತ್ಸಾಹ ಇತ್ತು, ಹಿಂಜರಿಯುವವರಿಗೆ ಹಿಂಜರಿಯಲು ಜಾಗವೂ ಇತ್ತು. ಸೆಪ್ಟೆಂಬರ್ 28ರಂದು ಅಮಲ್ದಾರರು ಪೊಲೀಸರೊಂದಿಗೆ ಬಂದರು. ಗಾಂಧಿ ಟೋಪಿ ಹಾಕಿ ಎಂದು ಊರಿನವರು ಒತ್ತಾಯಿಸಿದರು. ಮಾತು ಬೆಳೆದು, ಲಾಠಿ ಬೀಸಿ, ಗುಂಡು ಹಾರಿ, ಕೊನೆಗೆ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಇಬ್ಬರೂ ಜನರ ಕೈಯಲ್ಲಿ ಸತ್ತರು.

ಆ ಕ್ಷಣದಿಂದ ಈಸೂರಿನಲ್ಲಿ ಯಾರಿಗೂ ನಡುವೆ ನಿಲ್ಲಲು ಜಾಗ ಉಳಿಯಲಿಲ್ಲ. ಹೊಡೆದವನು, ತಡೆಯಲು ಹೋದವನು, ಮನೆಯಲ್ಲಿದ್ದವನು, ಎಲ್ಲರೂ ಈಸೂರಿನವರೇ. ಸೈನ್ಯ ಮತ್ತು ಪೊಲೀಸರು ಬಂದಾಗ ಊರೇ ಕಾಡು ಸೇರಿತು. ಮನೆಗಳು ಲೂಟಿಯಾದವು, ಬೆಂಕಿಗೂ ಬಿದ್ದವು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐವರನ್ನು ಗಲ್ಲಿಗೇರಿಸಿದರು. ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಹೆಣ್ಣುಮಕ್ಕಳಿಗೂ ಜೀವಾವಧಿ ಶಿಕ್ಷೆಯಾಯಿತು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಮಾತು ಇವತ್ತಿಗೂ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲಿದೆ. ಆ ಮಾತಿನ ಹಿಂದೆ ಕಾಡಿನಲ್ಲಿ ಮಕ್ಕಳನ್ನು ಎತ್ತಿಕೊಂಡು ಓಡಿದವರ ಕಷ್ಟವೂ ಇದೆ. ಅದನ್ನೂ ಸೇರಿಸಿಯೇ ಹೇಳಬೇಕು.

ಮೊದಲು ತಲುಪಿದ ವರದಿ

ನಗರ ದಂಗೆಯ ಸುದ್ದಿ ಮೇಲಿನವರಿಗೆ ಮುಟ್ಟಿದ್ದು ಹೇಗೆ? ಗವರ್ನರ್ ಜನರಲ್ ಬೆಂಟಿಂಕ್‌ನ ಮೇಜಿಗೆ ಬಂದದ್ದು ಬ್ರಿಟಿಷ್ ಅಧಿಕಾರಿಗಳ ವರದಿಗಳು. ರಾಜ್ಯದಲ್ಲಿ ಆಡಳಿತವೇ ಕುಸಿದಿದೆ, ಮಹಾರಾಜರಿಂದ ಸಾಧ್ಯವಿಲ್ಲ ಎಂಬ ಚಿತ್ರ ಅದರಲ್ಲಿತ್ತು. 1831ರ ಸೆಪ್ಟೆಂಬರ್‌ನಲ್ಲಿ ಅವರು ಪತ್ರ ಬರೆದರು. ಅಕ್ಟೋಬರ್‌ನಲ್ಲಿ ಕಂಪನಿ ಮೈಸೂರಿನ ಆಡಳಿತ ವಹಿಸಿಕೊಂಡಿತು. ದಂಗೆಯ ಕಾರಣ ಹುಡುಕಲು ಹಾಕರ್, ಮಾರಿಸನ್, ಮ್ಯಾಕ್ಲಿಯಾಡ್, ಕಬ್ಬನ್ ಎಂಬ ನಾಲ್ವರ ಸಮಿತಿ ಆಮೇಲೆ ಕೂತಿತು. ಅದರ ವರದಿ ಬಂದಿದ್ದು 1833ರ ಡಿಸೆಂಬರ್‌ನಲ್ಲಿ. ತೀರ್ಪು ಮೊದಲು, ವಿಚಾರಣೆಯ ವರದಿ ಎರಡು ವರ್ಷದ ನಂತರ. ವರದಿ ಓದಿ, ಮೈಸೂರಿಗೂ ಬಂದು ಹೋದ ಮೇಲೆ, ತಾನು ಅವಸರಪಟ್ಟೆ ಎಂದು ಬೆಂಟಿಂಕ್‌ಗೇ ಅನ್ನಿಸಿತು. ಆದರೆ ಮೇಲಿನವರು ನಿರ್ಧಾರ ಬದಲಿಸಲಿಲ್ಲ. ಆಡಳಿತ ಒಡೆಯರ್ ಮನೆತನಕ್ಕೆ ಮರಳಿದ್ದು 1881ರಲ್ಲಿ, ಐವತ್ತು ವರ್ಷದ ನಂತರ.

ಲೆಕ್ಸಿಂಗ್ಟನ್‌ನ ಜನ ತಮ್ಮ ಕಡೆಯ ಮಾತನ್ನು ಹಡಗಿನಲ್ಲಿ ಕಳಿಸಿ ಮೊದಲು ಮುಟ್ಟಿಸಿದರು. ನಗರದ ರೈತರ ಮಾತನ್ನು ಬರೆದಿಟ್ಟವರು ಅವರನ್ನು ಸೋಲಿಸಿದವರೇ. ಇವತ್ತು ನಾವು ಓದುವ ಬೂದಿ ಬಸಪ್ಪನ ಚಿತ್ರ ಬಹುಪಾಲು ಆ ಕಡತಗಳಿಂದಲೇ ಬಂದದ್ದು. ಅದಕ್ಕೇ ಅವನು ಅಲ್ಲಿ ಬರೀ ಮೋಸಗಾರ. ಕೂಟ ಸೇರಿದ ರೈತರು ಬರೀ ಗುಂಪು.

ಆದರೂ ಆ ಗುಂಪು ಕೇಳಿದ್ದರಲ್ಲಿ ಒಂದಷ್ಟು ಸಿಕ್ಕಿತು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ನ ಕಾಲದಲ್ಲಿ 700ಕ್ಕೂ ಹೆಚ್ಚು ಸಣ್ಣಪುಟ್ಟ ತೆರಿಗೆಗಳು ರದ್ದಾದವು. ಮದುವೆಯ ಮೇಲೆ, ಮಗು ಹುಟ್ಟಿದ್ದರ ಮೇಲೆ ಕೂಡ ತೆರಿಗೆ ಇದ್ದ ಕಾಲ ಅದು. ಶರತ್ತು ಪದ್ಧತಿ ಹೋಯಿತು. ರಾಜ್ಯವನ್ನು ವಿಭಾಗಗಳಾಗಿ ಹಂಚಿದಾಗ ಅದರಲ್ಲೊಂದು ನಗರ ವಿಭಾಗವಾಯಿತು. ಕಂಪನಿಗೆ ಕಟ್ಟಬೇಕಿದ್ದ ವಾರ್ಷಿಕ ಹಣ ಮಾತ್ರ ನಿಲ್ಲಲಿಲ್ಲ.